ಇನ್ನೂ ಆಗದ ವಿಷಯಕ್ಕೆ ಈಗಲೇ ನಿದ್ದೆ ಕೆಟ್ಟಿದೆ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನನಗೆ 36 ವರ್ಷ. ತುಂಬಾ ವರ್ಷ ಇದ್ದ ಕೆಲಸ ಬಿಟ್ಟು ಮುಂದಿನ ತಿಂಗಳು ಹೊಸ ಕಂಪನಿಗೆ ಸೇರುತ್ತಿದ್ದೇನೆ. ಒಳ್ಳೆಯ ಅವಕಾಶವೇ. ಆದರೆ ರಾತ್ರಿ ಮೂರು ಗಂಟೆಗೆ ಎಚ್ಚರವಾಗಿಬಿಡುತ್ತದೆ. ಮೊಬೈಲಿನಲ್ಲಿ ಆಫರ್ ಲೆಟರ್ ತೆಗೆದು, ಪ್ರೊಬೇಷನ್ ಬಗ್ಗೆ ಇರುವ ಸಾಲನ್ನೇ ಮತ್ತೆ ಮತ್ತೆ ಓದುತ್ತೇನೆ. ಆರು ತಿಂಗಳಾದ ಮೇಲೆ ಬೇಡ ಅಂದುಬಿಟ್ಟರೆ? ಮ್ಯಾನೇಜರ್ ಸರಿ ಇಲ್ಲದಿದ್ದರೆ? ಮನೆ ಸಾಲದ ಕಂತಿಗೆ ಏನು ಮಾಡೋದು? ಹೆಂಡತಿ ‘ಎಲ್ಲಾ ಸರಿಹೋಗುತ್ತೆ’ ಅಂದರೆ ಅರ್ಧ ಗಂಟೆ ಸಮಾಧಾನ. ಆಮೇಲೆ ಮತ್ತೆ ಶುರು. ಯೋಚನೆ ಮಾಡಬಾರದು ಅಂದುಕೊಂಡಷ್ಟೂ ಜಾಸ್ತಿಯಾಗುತ್ತದೆ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಕೆಲವರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ಯೋಚಿಸಬಹುದು’ ಎಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಜಾಸ್ತಿ ನೆನಪಾಯಿತು. ಹಾಗಾಗಿ ‘ಯೋಚಿಸಬಾರದು’ ಅನ್ನುವ ಜಗಳ ಇವತ್ತೇ ಬಿಟ್ಟುಬಿಡಿ. ಅದರಲ್ಲಿ ಯಾರೂ ಗೆದ್ದಿಲ್ಲ.

ಎದೆ ಢವಢವ ಅನ್ನುವುದು, ಕೈ ಬೆವರುವುದು ದೇಹ ಅಪಾಯಕ್ಕೆ ಸಿದ್ಧವಾಗುವ ರೀತಿ. ಅಡ್ರಿನಲಿನ್ ಏರುತ್ತದೆ, ಓಡಲೋ ಎದುರಿಸಲೋ ಮೈ ತಯಾರಾಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಿ ಮುಗಿಸಬಹುದು. ಮುಂದಿನ ತಿಂಗಳ ಮ್ಯಾನೇಜರಿಂದ ಈಗ ಎಲ್ಲಿಗೆ ಓಡುತ್ತೀರಿ? ಹಾಗಾಗಿ ಗಾಬರಿ ಮುಗಿಯುವುದೇ ಇಲ್ಲ.

ಇನ್ನೂ ಒಂದು ಸಂಗತಿ ಇದೆ. ಮನಸ್ಸಿಗೆ ಕೆಟ್ಟ ಸುದ್ದಿಗಿಂತ ‘ಗೊತ್ತಿಲ್ಲ’ ಅನ್ನುವುದೇ ಹೆಚ್ಚು ಕಷ್ಟ. 2016ರಲ್ಲಿ ಲಂಡನ್ನಿನ ಸಂಶೋಧಕರು ಕಂಪ್ಯೂಟರ್ ಆಟವೊಂದನ್ನು ಆಡಿಸಿದರು. ಕಲ್ಲಿನ ಕೆಳಗೆ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ಶಾಕ್. ಶಾಕ್ ಖಂಡಿತ ಅಂತ ಗೊತ್ತಿದ್ದಾಗ ಆಡುವವರಿಗೆ ಅಷ್ಟು ಒತ್ತಡ ಇರಲಿಲ್ಲ. ಬರಬಹುದು, ಬರದೇ ಇರಬಹುದು, ಎರಡೂ ಸಮ ಅನ್ನುವಾಗಲೇ ಒತ್ತಡ ಎಲ್ಲಕ್ಕಿಂತ ಹೆಚ್ಚು. ಅಂದರೆ ಕೆಲಸ ಹೋಗುವುದು ಗ್ಯಾರಂಟಿ ಅಂತ ಯಾರಾದರೂ ಬರೆದುಕೊಟ್ಟರೆ ನೀವು ಇವತ್ತು ಇನ್ನೂ ಚೆನ್ನಾಗಿ ನಿದ್ದೆ ಮಾಡುತ್ತಿದ್ದಿರೋ ಏನೋ! ವಿಚಿತ್ರ ಅಲ್ವಾ?

ಆಫರ್ ಲೆಟರ್ ಓದುವುದನ್ನು ಈ ಬೆಳಕಲ್ಲಿ ನೋಡಿ. ಅದರಲ್ಲಿರುವ ವಿಷಯ ನಿಮಗೆ ಬಾಯಿಪಾಠವಾಗಿದೆ. ಆದರೂ ಓದುತ್ತೀರಿ, ಖಚಿತತೆ ಬೇಕು ಅಂತ. ಹೆಂಡತಿಯನ್ನು ಕೇಳುವುದೂ ಅದಕ್ಕೇ. ಇದು ತುರಿಕೆ ಕೆರೆದ ಹಾಗೆ: ಆ ಕ್ಷಣಕ್ಕೆ ಹಾಯ್ ಅನ್ನಿಸುತ್ತದೆ, ಆಮೇಲೆ ಇನ್ನೂ ತುರಿಸುತ್ತದೆ. ಆ ಅರ್ಧ ಗಂಟೆಯ ಸಮಾಧಾನವೇ ನಿಮ್ಮ ಆತಂಕವನ್ನು ಸಾಕುತ್ತಿದೆ. ನನಗೆ ನಿಮ್ಮ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಇದೇ. ಪ್ರೊಬೇಷನ್ ಎಲ್ಲರಿಗೂ ಇರುತ್ತದೆ, ಬಿಡಿ.

ಹಾಗಾದರೆ ಏನು ಮಾಡೋದು? ಚಿಂತೆಗೆ ಒಂದು ಹೊತ್ತು ಕೊಡಿ. ತಮಾಷೆಯಲ್ಲ. ಅಮೆರಿಕದ ಥಾಮಸ್ ಬೊರ್ಕೊವೆಕ್ ಮತ್ತು ಅವರ ತಂಡ 1983ರಲ್ಲೇ ಈ ಉಪಾಯವನ್ನು ಪರೀಕ್ಷೆ ಮಾಡಿತ್ತು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂತು ಚಿಂತೆ ಮಾಡಬೇಕು. ಬೇರೆ ಹೊತ್ತಲ್ಲಿ ಚಿಂತೆ ಬಂದರೆ ‘ಸಂಜೆ ನೋಡೋಣ’ ಅಂತ ಮುಂದೂಡಬೇಕು. ‘ಯೋಚಿಸಬೇಡ’ ಅಂದರೆ ಕೇಳದ ಮನಸ್ಸು ‘ಆಮೇಲೆ ಯೋಚಿಸು’ ಅಂದರೆ ಒಪ್ಪುತ್ತದೆ. ಮಲಗುವ ಹೊತ್ತಿಗೆ ಹತ್ತಿರ ಇಟ್ಟುಕೊಳ್ಳಬೇಡಿ, ಹಾಸಿಗೆ ಮೇಲಂತೂ ಬೇಡವೇ ಬೇಡ. ಹೆಂಡತಿಗೂ ಹೇಳಿಡಿ. ನೀವು ಕೇಳಿದಾಗ ಅವರು ‘ಸರಿಹೋಗುತ್ತೆ’ ಅನ್ನುವ ಬದಲು ‘ಇದನ್ನ ಸಂಜೆಗೆ ಇಟ್ಟುಕೊಳ್ಳಿ’ ಅನ್ನಲಿ. ಮೊದಲ ವಾರ ಇಬ್ಬರಿಗೂ ಸ್ವಲ್ಪ ಕಿರಿಕಿರಿಯಾಗುತ್ತದೆ.

ಆ ಅರ್ಧ ಗಂಟೆ ಸುಮ್ನೆ ಕೂರಬೇಡಿ, ಪೆನ್ನು ಹಿಡಿದು ಬರೆಯಿರಿ. ತಲೆಯಲ್ಲಿ ‘ಬೇಡ ಅಂದುಬಿಟ್ಟರೆ?’ ಅಂತ ಅರ್ಧಕ್ಕೇ ನಿಂತಿರುವ ವಾಕ್ಯವನ್ನು ಹಾಳೆ ಮೇಲೆ ಪೂರ್ತಿ ಮಾಡಿ. ‘ಪ್ರೊಬೇಷನ್ನಿನಲ್ಲಿ ಬೇಡ ಅಂದರೆ, ಮಾರನೇ ದಿನವೇ ಹಳೇ ಆಫೀಸಿನ ಇಬ್ಬರಿಗೆ ಫೋನ್ ಮಾಡುತ್ತೇನೆ. ಕೈಯಲ್ಲಿರುವ ಹಣದಲ್ಲಿ ಇಷ್ಟು ಕಂತು ಕಟ್ಟಬಹುದು.’ ಎಷ್ಟು ಕಂತು ಅಂತ ನಿಜವಾಗಿಯೂ ಲೆಕ್ಕ ಹಾಕಿ. ಸಾಲದು ಅನ್ನಿಸಿದರೆ ಈ ತಿಂಗಳೇ ಒಂದು ಖರ್ಚು ಕಡಿಮೆ ಮಾಡಿ. ಕಂತಿನ ಚಿಂತೆಗೆ ಕೈಲಾಗುವ ಕೆಲಸ ಇದೆ. ಮ್ಯಾನೇಜರ್ ಚಿಂತೆಗೆ ಇಲ್ಲ. ಅದರ ಮುಂದೆ ‘ಗೊತ್ತಿಲ್ಲ, ಸೇರಿದ ಮೇಲೆ ನೋಡೋದು’ ಅಂತ ಬರೆದು ಬಿಡಿ. ಹಾಗೆ ಬಿಡುವುದೇ ಕಷ್ಟ. ಅಭ್ಯಾಸ ಬೇಕಾಗಿರುವುದೂ ಅಲ್ಲೇ.

ಆ ಹಾಳೆಗಳನ್ನು ಎಸೆಯಬೇಡಿ. ತಿಂಗಳಾದ ಮೇಲೆ ಯಾವುದು ನಿಜವಾಯಿತು ನೋಡಿ. ಅತಿಯಾದ ಆತಂಕದ ಕಾಯಿಲೆ ಇದ್ದ 29 ಜನರಿಂದ ಹೀಗೇ ಬರೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ನೂರರಲ್ಲಿ ಸುಮಾರು 91 ಚಿಂತೆ ನಿಜವಾಗಲಿಲ್ಲ. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಆದರೆ ನಿಮ್ಮ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದಲ್ಲ.

ಮೂರು ಗಂಟೆಗೆ ಎಚ್ಚರವಾದರೆ ಫೋನ್ ಮುಟ್ಟಬೇಡಿ, ಗಡಿಯಾರ ನೋಡಬೇಡಿ. ಸುಮಾರು 20 ನಿಮಿಷ ಆದರೂ ನಿದ್ದೆ ಹತ್ತಲಿಲ್ಲ ಅನ್ನಿಸಿದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಬೋರು ಹೊಡೆಸುವ ಏನನ್ನಾದರೂ ಓದಿ. ಕಣ್ಣು ಎಳೆಯತೊಡಗಿದ ಮೇಲೆ ಹಾಸಿಗೆಗೆ ಬನ್ನಿ.

ಪ್ರಶ್ನೆ: ಮಗಳಿಗೆ 16 ವರ್ಷ. ಪರೀಕ್ಷೆ ದಿನ ಬೆಳಿಗ್ಗೆ ಹೊಟ್ಟೆ ತೊಳಸುತ್ತದೆ ಅಂತ ಬಾತ್‌ರೂಮಿನಿಂದ ಹೊರಗೆ ಬರುವುದೇ ಇಲ್ಲ. ಕಿರುಪರೀಕ್ಷೆಗೆ ಎರಡು ಸಲ ಮನೆಯಲ್ಲೇ ಉಳಿಸಿಕೊಂಡೆ. ಮನೆಯವರು ನಾಟಕ ಅನ್ನುತ್ತಾರೆ. ನಾನು ಮಾಡಿದ್ದು ತಪ್ಪಾ?

ಉತ್ತರ: ನಾಟಕ ಅಲ್ಲ ಅಮ್ಮ. ಗಾಬರಿಯಾದಾಗ ಹೊಟ್ಟೆಯ ಕೆಲಸ ಏರುಪೇರಾಗುತ್ತದೆ, ವಾಕರಿಕೆ ನಿಜವಾಗಿಯೂ ಬರುತ್ತದೆ. ಆದರೆ ಮನೆಯಲ್ಲಿ ಉಳಿದ ತಕ್ಷಣ ಅವಳಿಗೆ ಎಷ್ಟು ಬೇಗ ಆರಾಮಾಯಿತು ಅಂತ ಗಮನಿಸಿದ್ದೀರಾ? ‘ಹೋಗಲಿಲ್ಲ, ಅದಕ್ಕೇ ಬಚಾವಾದೆ’ ಅಂತ ಮನಸ್ಸು ಪಾಠ ಕಲಿಯುವುದು ಆಗಲೇ. ಮುಂದಿನ ಸಲ ಹೊಸಿಲು ದಾಟುವುದು ಇನ್ನೂ ಕಷ್ಟವಾಗುತ್ತದೆ.

ಎಳೆದುಕೊಂಡು ಹೋಗಿ ಅಂತಲೂ ಹೇಳುವುದಿಲ್ಲ. ಪರೀಕ್ಷೆಯನ್ನು ಚೂರು ಚೂರಾಗಿ ಅಭ್ಯಾಸ ಮಾಡಿಸಿ. ಮೊದಲು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಹಳೇ ಪ್ರಶ್ನೆಪತ್ರಿಕೆ ಬರೆಯಲಿ. ಆಮೇಲೆ ಟೀಚರ್ ಒಪ್ಪಿದರೆ ಖಾಲಿ ತರಗತಿಯಲ್ಲಿ ಕೂತು ಬರೆಯಲಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಉಸಿರು ಬಿಡುವ ಹೊತ್ತು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ. ಇದನ್ನು ಗಾಬರಿ ಇಲ್ಲದ ದಿನಗಳಲ್ಲೇ ರೂಢಿ ಮಾಡಿಸಿ. ಪರೀಕ್ಷೆ ದಿನ ಹೊಸದಾಗಿ ಹೇಳಿಕೊಟ್ಟರೆ ಸಿಟ್ಟು ಬರುತ್ತದೆ ಅಷ್ಟೇ.

‘ಹೆದರಬೇಡ’ ಅನ್ನಬೇಡಿ. ‘ಹೊಟ್ಟೆ ತೊಳಸ್ತಿದೆ, ಗೊತ್ತು ಪುಟ್ಟಾ. ಹಾಗೇ ಹೋಗೋಣ ಬಾ’ ಅನ್ನಿ. ಅಮೆರಿಕದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ ಅವರ 2014ರ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ ‘ನಾನು ಶಾಂತವಾಗಿದ್ದೇನೆ’ ಅಂದುಕೊಂಡವರಿಗಿಂತ ‘ನನಗೆ ಉತ್ಸಾಹ ಬಂದಿದೆ’ ಅಂತ ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಮಾತಾಡಿದರು. ಎದೆ ಹೇಗೂ ಹೊಡೆದುಕೊಳ್ಳುತ್ತಿದೆ. ಅದನ್ನು ಶಾಂತ ಮಾಡುವುದಕ್ಕಿಂತ ಹುರುಪು ಅಂದುಕೊಳ್ಳುವುದು ಸುಲಭ.

ಪರೀಕ್ಷೆ ಇಲ್ಲದ ದಿನಗಳಲ್ಲೂ ಹೊಟ್ಟೆನೋವು ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಶಾಲೆಯಲ್ಲಿ ಯಾರಾದರೂ ಕಾಟ ಕೊಡುತ್ತಿದ್ದಾರಾ ಅಂತಲೂ ಮೆಲ್ಲಗೆ ಕೇಳಿ.

ಪ್ರಶ್ನೆ: ಇಂಥದ್ದಕ್ಕೆ ಮಾತ್ರೆ ತಗೊಳ್ಳಬೇಕಾ? ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ ಅಂತಾರಲ್ಲ?

ಉತ್ತರ: ಎಲ್ಲರಿಗೂ ಬೇಡ. ಆರು ತಿಂಗಳಿಂದ ಹೆಚ್ಚಿನ ದಿನಗಳಲ್ಲಿ ಚಿಂತೆ ಹಿಡಿತಕ್ಕೆ ಸಿಗುತ್ತಿಲ್ಲ, ನಿದ್ದೆ, ಗಮನ, ಕೆಲಸ ಎಲ್ಲ ಹಾಳಾಗುತ್ತಿದೆ ಅಂದರೆ ಮನೋವೈದ್ಯರನ್ನು ನೋಡಲೇಬೇಕು. ಅದಕ್ಕಿಂತ ಮುಂಚೆ ಹೋದರೂ ಯಾರೂ ಬೈಯುವುದಿಲ್ಲ. ಥೈರಾಯ್ಡ್ ಹೆಚ್ಚಾದರೂ ಎದೆಬಡಿತ, ನಡುಕ ಬರುತ್ತದೆ, ಅದನ್ನೂ ಪರೀಕ್ಷೆ ಮಾಡಿಸುತ್ತಾರೆ. ಯೋಚಿಸುವ ರೀತಿ, ನಡೆದುಕೊಳ್ಳುವ ರೀತಿ ತಿದ್ದುವ ಮಾತಿನ ಚಿಕಿತ್ಸೆ, ಅಂದರೆ ಸಿಬಿಟಿ, ತುಂಬಾ ಜನರಿಗೆ ಕೆಲಸ ಮಾಡುತ್ತದೆ.

ಆತಂಕಕ್ಕೆ, ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು, ನಿಲ್ಲಿಸುವಾಗ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಕಡಿಮೆ ಮಾಡಬೇಕು. ಅಭ್ಯಾಸವಾಗಿಬಿಡುವ ಭಯ ಇರುವುದು ತಕ್ಷಣಕ್ಕೆ ಶಾಂತ ಮಾಡುವ ಆಲ್ಪ್ರಜೋಲಾಮ್‌ನಂಥ ಮಾತ್ರೆಗಳಲ್ಲಿ. ಪಕ್ಕದ ಮನೆಯವರ ಚೀಟಿ ನೋಡಿ ಅದನ್ನು ನುಂಗಬೇಡಿ. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಬಂದಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಮನೆಯವರೊಬ್ಬರಿಗೆ ಹೇಳಿ, ಅವತ್ತೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.