ನಾನು ಬೀದರ್‌ನ ಎಂಎಸ್ಸಿ ವಿದ್ಯಾರ್ಥಿ. ಹ್ಯಾರಿಯರ್ ಗಿಡುಗಗಳ ಸಂಶೋಧನೆಗೆ ಯಾವ ವಿದೇಶಿ ಗ್ರಾಂಟಿಗೆ ಅರ್ಜಿ ಹಾಕಲಿ?

ನಿಮ್ಮ ಪ್ರಶ್ನೆ ನೋಡಿ ನನ್ನ ಹಳೇ ಅರ್ಜಿಯನ್ನೇ ಓದಿದ ಹಾಗಾಯ್ತು. ಊರೊಂದೇ ಬೇರೆ, ನಾನು ಕಲಬುರಗಿಯವನು.

ಚಳಿಗಾಲಕ್ಕೆ ನಮ್ಮ ಕಡೆ ಬರುವ ಮಾಂಟೆಗೂ ಹ್ಯಾರಿಯರ್ ಏನು ತಿನ್ನುತ್ತದೆ ಅನ್ನೋದು ನನ್ನ ವಿಷಯ. ಇವು ರಾತ್ರಿ ಮರ ಹತ್ತುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ತಂಗುತ್ತವೆ. ಬೆಳಿಗ್ಗೆ ಅವು ಹಾರಿದ ಮೇಲೆ ಹೋದರೆ ಪೆಲೆಟ್‌ಗಳು, ಅಂದರೆ ಜೀರ್ಣವಾಗದ್ದನ್ನು ಕಕ್ಕಿದ ಉಂಡೆಗಳು ಸಿಗುತ್ತವೆ. ನೀರಲ್ಲಿ ನೆನೆಸಿ ಸೂಜಿಯಿಂದ ಬಿಡಿಸಿದರೆ ಮಿಡತೆಯ ಕಾಲು, ದವಡೆ, ಒಮ್ಮೊಮ್ಮೆ ಇಲಿಯ ಕೂದಲು. ಹೊಲದ ಮಿಡತೆ ತಿನ್ನೋ ಹಕ್ಕಿ ಅಂದರೆ ತೊಗರಿ ಬೆಳೆಯೋರಿಗೂ ಖುಷಿ, ಹೊರದೇಶದವರಿಗೂ ಹಿಡಿಸಿತು. ಗ್ರಾಂಟ್ ಮಂಜೂರಾಯ್ತು.

ದುಡ್ಡು ಬರಲಿಲ್ಲ. ಯಾರನ್ನೂ ಕೇಳದೆ ಅರ್ಜಿಯಲ್ಲಿ ಕಾಲೇಜಿನ ಖಾತೆ ನಂಬರ್ ಬರೆದಿದ್ದೆ. ಪತ್ರ ಹಿಡಿದು ಹೋದಾಗ ಅಕೌಂಟ್ಸ್‌ನವರು, "ತಮ್ಮಾ, ಫಾರಿನ್ ರೊಕ್ಕ ನಮ್ ಖಾತೇಕ ಬರಂಗಿಲ್ಲ" ಅಂದರು. ವಿದೇಶಿ ದೇಣಿಗೆ ಪಡೆಯೋ ಸಂಸ್ಥೆಗೆ ಎಫ್‌ಸಿಆರ್‌ಎ ಕಾಯ್ದೆಯಲ್ಲಿ ನೋಂದಣಿ ಇರಬೇಕು, ಇಲ್ಲವೇ ಮುಂಚೆಯೇ ಅನುಮತಿ ಪಡೆದಿರಬೇಕು. ನೋಂದಣಿ ಇದ್ದರೂ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸರಿ, ಪರಿಚಯದ ಎನ್‌ಜಿಒ ಖಾತೆಗೆ ಹಾಕಿಸಿಕೊಂಡು ಅವರಿಂದ ತಗೊಳ್ಳೋಣ ಅಂದುಕೊಂಡೆ. 2020ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿತ್ತು. ಒಬ್ಬರು ಪಡೆದ ವಿದೇಶಿ ಹಣವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಈ ಓಡಾಟದಲ್ಲೇ ಮಾರ್ಚ್ ಬಂತು, ಹಕ್ಕಿಗಳು ಮಧ್ಯ ಏಷ್ಯಾದ ಕಡೆ ಹೊರಟವು. ಗ್ರಾಂಟೂ ರದ್ದಾಯ್ತು.

ಹಾಗಾಗಿ ಯಾವ ಗ್ರಾಂಟ್ ಅನ್ನೋದನ್ನ ಆಮೇಲೆ ನೋಡಿ. ದುಡ್ಡು ಯಾರ ಹೆಸರಿಗೆ, ಯಾವ ಲೆಕ್ಕದಲ್ಲಿ ಬರುತ್ತದೆ ಅಂತ ಕೊಡುವವರನ್ನೂ ನಿಮ್ಮ ಕಾಲೇಜನ್ನೂ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಬಾಯಿಮಾತು ಬೇಡ.

ಹೆಸರು ಬೇಕೇ ಬೇಕು ಅಂದರೆ ಬೇಟೆ ಹಕ್ಕಿಗಳ (ರಾಪ್ಟರ್) ಸಂಶೋಧನೆಗೇ ಇರುವ ಅಮೆರಿಕದ ರಾಪ್ಟರ್ ರಿಸರ್ಚ್ ಫೌಂಡೇಶನ್ ನೋಡಿ. ಅವರ ಸ್ಟೀಫನ್ ಟುಲಿ ಗ್ರಾಂಟ್ ವಿದ್ಯಾರ್ಥಿಗಳನ್ನೂ ಹವ್ಯಾಸಿಗಳನ್ನೂ ನೆನಪಲ್ಲಿಟ್ಟುಕೊಂಡೇ ಇಟ್ಟದ್ದು. ಡೀನ್ ಅಮಡಾನ್ ಗ್ರಾಂಟ್ ಹಕ್ಕಿಗಳ ಹರಡುವಿಕೆ, ವರ್ಗೀಕರಣದ ಕೆಲಸಕ್ಕೆ. ಲೆಸ್ಲಿ ಬ್ರೌನ್ ಗ್ರಾಂಟಲ್ಲಿ ಆಫ್ರಿಕಾದ ಬೇಟೆ ಹಕ್ಕಿಗಳ ಕೆಲಸಕ್ಕೇ ಮೊದಲ ಆದ್ಯತೆ, ಅದನ್ನು ಬಿಟ್ಟುಬಿಡಿ. ಇವೆಲ್ಲ ಸಣ್ಣ ಮೊತ್ತಗಳು, ಹಕ್ಕಿಗೆ ಕಟ್ಟಿ ಅದರ ಜಾಡು ಹಿಡಿಯುವ ಸ್ಯಾಟಲೈಟ್ ಟ್ಯಾಗ್ ಕನಸು ಬೇಡ.

ನನ್ನ ಕೇಳಿದರೆ ಮೊದಲ ಚಳಿಗಾಲ ಕೈಯಿಂದಲೇ ಖರ್ಚು ಮಾಡಿ. ಪೆಲೆಟ್ ಹೆಕ್ಕೋಕೆ ಡಾಲರ್ ಯಾಕೆ? ಸೆಕೆಂಡ್ ಹ್ಯಾಂಡ್ ಬೈನಾಕ್ಯುಲರ್, ಔರಾದ್ ಬಸ್ಸಿನ ಚಾರ್ಜು, ಜಿಪ್ ಕವರ್ ಸಾಕು. ಹಕ್ಕಿ ಬರೋದು ಅಕ್ಟೋಬರ್ ಹೊತ್ತಿಗೆ. ಅರಣ್ಯ ಇಲಾಖೆಯ ಅನುಮತಿಗೆ ಮಾತ್ರ ಈಗಲೇ ಅರ್ಜಿ ಕೊಡಿ.