‘ಬರೋಳಿದ್ದೆ’ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು, ಈಗ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಹೋದ ತಿಂಗಳು ಮಗನಿಗೆ ಜ್ವರ ಬಂದು ಮೀಟಿಂಗಿಗೆ ಹೋಗೋಕಾಗ್ಲಿಲ್ಲ, ಮಾರನೇ ದಿನ ‘ಐ ವುಡ್ ಕಮ್ ಟು ದಿ ಮೀಟಿಂಗ್ ಯೆಸ್ಟರ್‌ಡೇ, ಬಟ್ ಮೈ ಸನ್ ಹ್ಯಾಡ್ ಫೀವರ್’ ಅಂತ ಮೇಲ್ ಹಾಕಿದೆ. ಮೇಲಿನವರು ಅದನ್ನ ಎಲ್ಲರ ಮುಂದೆ ಓದಿ ಇದೇನು ಇಂಗ್ಲಿಷು ಅಂದುಬಿಟ್ರು. ವಿಲ್ ಅನ್ನೋದರ ಪಾಸ್ಟ್ ಟೆನ್ಸ್ ವುಡ್ ಅಂತಲೇ ಅಲ್ವಾ ಸ್ಕೂಲಲ್ಲಿ ಹೇಳಿಕೊಟ್ಟಿದ್ದು? ತಪ್ಪಾಗಿದ್ದು ಎಲ್ಲಿ?
— ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲಿಗೆ ಒಂದು ಮಾತು ಮೇಡಂ, ನಾಲ್ಕು ಜನರ ಮುಂದೆ ಒಬ್ಬರ ಭಾಷೆನ ಹಾಗೆ ಓದಿ ತೋರಿಸಬಾರದಿತ್ತು, ನಂಗೆ ಓದಿ ಬೇಜಾರಾಯ್ತು. ನಿಮಗೆ ಸ್ಕೂಲಲ್ಲಿ ಹೇಳಿಕೊಟ್ಟಿದ್ದೂ ಸುಳ್ಳಲ್ಲ, ಆದ್ರೆ ಅರ್ಧ ಮಾತ್ರ ಹೇಳಿದ್ದಾರೆ.

ಇದೇ ವಿಷಯನ ಪಕ್ಕದ ಸೀಟಿನವರಿಗೆ ಕನ್ನಡದಲ್ಲಿ ಹೇಳಿದ್ರೆ ಏನಂತಿದ್ರಿ? ‘ನಿನ್ನೆ ಮೀಟಿಂಗಿಗೆ ಬರೋಳಿದ್ದೆ ಕಣ್ರೀ, ಮಗನಿಗೆ ಜ್ವರ ಬಂತು.’ ಆ ‘ಬರೋಳಿದ್ದೆ’ನ ಸ್ವಲ್ಪ ಬಿಡಿಸಿ ನೋಡಿ. ‘ಬರೋಳು’ ಅನ್ನೋದು ಇನ್ನೂ ಆಗಬೇಕಾದ ಕೆಲಸ, ‘ಇದ್ದೆ’ ಅನ್ನೋದು ಕಳೆದುಹೋದ ಹೊತ್ತು. ನಿನ್ನೆ ಬೆಳಿಗ್ಗೆ ನಿಂತು ನೋಡಿದಾಗ ಮುಂದೆ ಇದ್ದದ್ದು, ಇವತ್ತು ನಿಂತು ನೋಡಿದ್ರೆ ಹಿಂದೆ ಹೋಗಿರೋದು. ಗ್ರಾಮರ್ ಪುಸ್ತಕದಲ್ಲಿ ‘ಫ್ಯೂಚರ್ ಇನ್ ದಿ ಪಾಸ್ಟ್’ ಅಂತ ದೊಡ್ಡ ಹೆಸರಿಟ್ಟಿರೋದು ಇದಕ್ಕೇ, ನಾವು ಇದನ್ನ ದಿನಾ ಆಡ್ತೀವಿ. ಇಂಗ್ಲಿಷಲ್ಲೂ ಕಟ್ಟೋ ರೀತಿ ಹೆಚ್ಚುಕಮ್ಮಿ ಹೀಗೇ, ‘ವಾಸ್’ ಅಂದ್ರೆ ನಿಮ್ಮ ‘ಇದ್ದೆ’, ‘ಗೋಯಿಂಗ್ ಟು ಕಮ್’ ಅಂದ್ರೆ ನಿಮ್ಮ ‘ಬರೋಳು’. ಹಾಗಾಗಿ ‘ಐ ವಾಸ್ ಗೋಯಿಂಗ್ ಟು ಕಮ್ ಟು ದಿ ಮೀಟಿಂಗ್ ಯೆಸ್ಟರ್‌ಡೇ, ಬಟ್ ಮೈ ಸನ್ ಹ್ಯಾಡ್ ಫೀವರ್.’ ಅಂದುಕೊಂಡು ನಡೀದೇ ಹೋದ ಕೆಲಸಕ್ಕೆಲ್ಲ ಇದೇ ಸಾಕು.

ವುಡ್ ಯಾಕಾಗಲ್ಲ ಅಂದ್ರೆ, ಅದಕ್ಕೆ ಹಿಂದಿನ ಕಾಲದಲ್ಲಿ ನಿಲ್ಲೋಕೆ ಒಂದು ಆಸರೆ ಬೇಕು. ಸೆಡ್, ಟೋಲ್ಡ್, ಥಾಟ್, ನ್ಯೂ, ಪ್ರಾಮಿಸ್ಡ್, ಇಂಥದ್ದೊಂದು ಮುಂದಿದ್ರೆ ವುಡ್ ಆರಾಮಾಗಿ ಕೂತ್ಕೊಳ್ಳುತ್ತೆ: ‘ಐ ಟೋಲ್ಡ್ ಹರ್ ಐ ವುಡ್ ಕಮ್.’ ಆಸರೆ ಇಲ್ಲದೆ ಒಂಟಿಯಾಗಿ ‘ಐ ವುಡ್ ಕಮ್’ ಅಂದ್ರೆ ಕೇಳೋರ ಕಿವಿಗೆ ಅದು ‘ಹೀಗಾದ್ರೆ ಬರ್ತೀನಿ’ ಅಂತ ಕೇಳಿಸುತ್ತೆ, ಅವರು ‘ಇಫ್’ ಎಲ್ಲಿ ಅಂತ ಕಾಯ್ತಾರೆ, ಅಷ್ಟರಲ್ಲಿ ‘ಯೆಸ್ಟರ್‌ಡೇ’ ಬಂದು ಎಲ್ಲಾ ಗೋಜಲು. ವಿಲ್ ಅನ್ನೋದಕ್ಕೆ ಹಳೇ ಇಂಗ್ಲಿಷಲ್ಲಿ ‘ಬಯಸು, ಇಷ್ಟಪಡು’ ಅನ್ನೋ ಅರ್ಥ ಇತ್ತು, ಆ ವಾಸನೆ ಇನ್ನೂ ಹೋಗಿಲ್ಲ. ‘ದಿ ಬೈಕ್ ವುಡಂಟ್ ಸ್ಟಾರ್ಟ್’ ಅಂತಾರಲ್ಲ, ಬೈಕು ಸ್ಟಾರ್ಟ್ ಆಗೋಕೇ ಒಪ್ಲಿಲ್ಲ ಅಂತ, ಅದರಲ್ಲಿ ಇರೋದು ಆ ಹಳೇ ಅರ್ಥಾನೇ. (ವುಡ್ ಸ್ಪೆಲ್ಲಿಂಗಲ್ಲಿ ಇರೋ ‘ಎಲ್’ನ ಒಂದು ಕಾಲದಲ್ಲಿ ಬಾಯಲ್ಲೂ ಆಡ್ತಿದ್ರು. ಕುಡ್‌ಗೆ ಮಾತ್ರ ಮೊದಲು ಎಲ್ ಇರಲೇ ಇಲ್ಲ, ವುಡ್, ಶುಡ್ ನೋಡಿ ಆಮೇಲೆ ಸೇರಿಸಿದ್ದು. ನಂಗೆ ಬಹಳ ಇಷ್ಟವಾದ ಸಂಗತಿ ಇದು.)

ಇನ್ನೊಂದು ಕಡೆನೂ ನಮ್ಮವರು ಜಾರ್ತಾರೆ, ಅದಕ್ಕೆ ಕಾರಣ ದಡ್ಡತನ ಅಲ್ವೇ ಅಲ್ಲ, ನಮ್ಮ ‘ಅಂತ’. ಕನ್ನಡದಲ್ಲಿ ಒಬ್ಬರು ಆಡಿದ ಮಾತನ್ನ ಹೇಗಿತ್ತೋ ಹಾಗೇ ಇಟ್ಟು ಕೊನೆಗೆ ‘ಅಂತ’ ಹಾಕಿದ್ರೆ ಮುಗೀತು, ‘ನಾಳೆ ಬರ್ತೀನಿ ಅಂತ ಹೇಳಿದ’, ಒಳಗಿನ ‘ಬರ್ತೀನಿ’ ಹತ್ತು ವರ್ಷ ಆದ್ರೂ ಬರ್ತೀನಿನೇ. ಇಂಗ್ಲಿಷಲ್ಲಿ ಹಾಗಲ್ಲ, ಹೊರಗಿನ ‘ಸೆಡ್’ ಒಳಗಿನ ಮಾತನ್ನೂ ಹಿಂದಕ್ಕೆ ಎಳ್ಕೊಂಡು ಹೋಗುತ್ತೆ, ವಿಲ್ ಹೋಗಿ ವುಡ್, ಕ್ಯಾನ್ ಹೋಗಿ ಕುಡ್, ಮೇ ಹೋಗಿ ಮೈಟ್. ಮಳೆ ಬರಬಹುದು ಅಂದ್ರು ಅನ್ನೋದಕ್ಕೆ ‘ದೇ ಸೆಡ್ ಇಟ್ ಮೈಟ್ ರೇನ್’. ಹೇಳಿದ ದಿನ ಇನ್ನೂ ಮುಂದೇ ಇದ್ರೆ ವಿಲ್ ಹಾಗೇ ಬಿಟ್ರೂ ತಪ್ಪಲ್ಲ. ಶಲ್ ಹೋಗಿ ಶುಡ್ ಆಗೋದು ಮಾತ್ರ ಹಳೇ ಬ್ರಿಟಿಷ್ ಪುಸ್ತಕಗಳಲ್ಲಿ, ನೀವು ಬಳಸೋದು ಬೇಡ, ಈಗಿನವರಿಗೆ ಶುಡ್ ಅಂದ್ರೆ ‘ಮಾಡಬೇಕು’ ಅಂತಲೇ ಕೇಳಿಸೋದು. ಆಮೇಲೆ ಊರು ಮುಟ್ಟಿದಾಗ ಫೋನ್ ಮಾಡ್ತೀನಿ ಅಂದ ಅನ್ನೋದಕ್ಕೆ ವುಡ್ ಒಂದೇ ಸಲ, ‘ಹೀ ಸೆಡ್ ಹೀ ವುಡ್ ಕಾಲ್ ವೆನ್ ಹೀ ಅರೈವ್ಡ್’. ವೆನ್ ಆದಮೇಲೆ ಇನ್ನೊಂದು ವುಡ್ ಹಾಕಬೇಡಿ.

ಹಾಗಾದ್ರೆ ಆಸರೆ ಇಲ್ಲದ ವುಡ್ ಹಿಂದಿನ ಕಾಲಕ್ಕೆ ಬರೋದೇ ಇಲ್ವಾ? ಬರುತ್ತೆ, ಚರಿತ್ರೆ ಬರೆಯೋವಾಗ, ಮುಂದೇನಾಯ್ತು ಅಂತ ಬರೆಯೋರಿಗೆ ಗೊತ್ತಿದ್ದಾಗ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದ್ರು, ‘ಥ್ರೀ ಇಯರ್ಸ್ ಲೇಟರ್ ಹೀ ವುಡ್ ಬಿಕಮ್ ದಿವಾನ್’. ನಮ್ಮ ಪೇಪರ್ ಭಾಷೆಯ ‘ಆಗಲಿದ್ದರು’ ಇದೇ. ಇದು ನಿಜವಾಗಿ ನಡೆದದ್ದಕ್ಕೆ ಮಾತ್ರ, ನಿಮ್ಮ ಮೀಟಿಂಗಿಗೆ ಹೊಂದದೇ ಇರೋದು ಅದಕ್ಕೂ ಹೌದು. ಟೈಟಾನಿಕ್ ಹಡಗು 1912ರ ಏಪ್ರಿಲ್ 10ರಂದು ಸೌತಾಂಪ್ಟನ್ ಬಿಟ್ತು, 17ಕ್ಕೆ ನ್ಯೂಯಾರ್ಕ್ ಸೇರಬೇಕಿತ್ತು, 15ರ ಬೆಳಗಿನ ಜಾವಕ್ಕೇ ಮುಳುಗಿತು. ಆ ‘ಸೇರಬೇಕಿತ್ತು’ ಅನ್ನೋದು ‘ಇಟ್ ವಾಸ್ ಟು ಹ್ಯಾವ್ ರೀಚ್ಡ್ ನ್ಯೂಯಾರ್ಕ್ ಆನ್ ದಿ ಸೆವೆಂಟೀಂತ್’. ಗೊತ್ತುಮಾಡಿದ್ದು, ಆದ್ರೆ ಆಗಲಿಲ್ಲ ಅನ್ನೋ ನೋವು ಆ ‘ವಾಸ್ ಟು ಹ್ಯಾವ್’ ಒಳಗೇ ಕೂತಿದೆ. ಆದ್ರೆ ‘ಇಟ್ ವುಡ್ ನೆವರ್ ಅರೈವ್’ ಅಂತ ಬರೆದ್ರೆ ಅದು ಎಲ್ಲಾ ಮುಗಿದಮೇಲೆ ಹಿಂದೆ ತಿರುಗಿ ನೋಡ್ತಿರೋರ ಮಾತು.

ಇನ್ನು ನಮ್ಮ ‘ಬರ್ತಿದ್ದೆ’ ಇದೆಯಲ್ಲ, ಅದು ಎರಡು ಕೆಲಸ ಮಾಡುತ್ತೆ ಹುಷಾರು. ‘ಕರೆದಿದ್ರೆ ಬರ್ತಿದ್ದೆ’ ಅಂದ್ರೆ ‘ಐ ವುಡ್ ಹ್ಯಾವ್ ಕಮ್’. ‘ರಜೆ ಬಂದ್ರೆ ಅಜ್ಜಿ ಮನೆಗೆ ಬರ್ತಿದ್ದೆ’ ಅಂದ್ರೆ ಪ್ರತಿಸಲ ಬರ್ತಿದ್ದದ್ದು, ಅಲ್ಲಿ ಬರೀ ‘ಐ ವುಡ್ ಕಮ್’. ಇಂಗ್ಲಿಷಲ್ಲಿ ಬರೆಯೋ ಮೊದಲು ನಿಮ್ಮ ಮನಸ್ಸಲ್ಲಿ ಇರೋದು ಬರೋಳಿದ್ದೆನಾ, ಬರ್ತೀನಿ ಅಂದಿದ್ದೆನಾ, ಬರ್ತಿದ್ದೆನಾ ಅಂತ ಒಂದ್ಸಲ ಕೇಳ್ಕೊಳ್ಳಿ ಮೇಡಂ, ಯಾವ ಟೆನ್ಸ್ ಚಾರ್ಟೂ ಇಷ್ಟು ಸಲೀಸಾಗಿ ದಾರಿ ತೋರಿಸಲ್ಲ.

ಪ್ರಶ್ನೆ: ಸರ್, ‘ಹೀಡ್’ ಅಂತ ಚಿಕ್ಕದಾಗಿ ಬರೆದಿದ್ರೆ ಅದು ಹೀ ಹ್ಯಾಡಾ, ಹೀ ವುಡ್ಡಾ? ಗೊತ್ತಾಗೋದು ಹೇಗೆ?
— ಪಿಯುಸಿ ವಿದ್ಯಾರ್ಥಿ, ಶಿರಸಿ

ಉತ್ತರ: ಅದರ ಮುಂದಿನ ಕ್ರಿಯಾಪದ ನೋಡಪ್ಪಾ. ‘ಹೀಡ್ ಗೋ’ ಅಂತಿದ್ರೆ ವುಡ್, ‘ಹೀಡ್ ಗಾನ್’ ಅಂತಿದ್ರೆ ಹ್ಯಾಡ್. ‘ಹೀಡ್ ಕಮ್’, ‘ಹೀಡ್ ಪುಟ್’ ಥರದ್ದು ಮಾತ್ರ ಕಾಡುತ್ತೆ, ಯಾಕಂದ್ರೆ ಕಮ್ ಮೊದಲನೇ ರೂಪದಲ್ಲೂ ಮೂರನೇ ರೂಪದಲ್ಲೂ ಕಮ್ಮೇ, ಪುಟ್ಟೂ ಹಾಗೇ, ಅಲ್ಲಿ ಹಿಂದಿನ ವಾಕ್ಯ ಓದಿದ ಹೊರತು ಗೊತ್ತಾಗಲ್ಲ.