ಯಾರು ಹೆಚ್ಚು ದಿನ ಕಾಯಬಲ್ಲರು?

ಪ್ರಶ್ನೆ: ನಮ್ಮಲ್ಲಿ ಕಾರ್ಮಿಕ ಸಂಘವಿಲ್ಲ. ಒಬ್ಬನೇ ಹೋಗಿ ಸಂಬಳ ಹೆಚ್ಚಿಸಿ ಎಂದರೆ ಮಾತಿಗೆ ಬೆಲೆ ಇರುತ್ತದೆಯೆ?

ಉತ್ತರ: ಹೋಗುವ ಮೊದಲು ಎರಡು ಲೆಕ್ಕ ಹಾಕಿ. ಈಗಿನ ಸಂಬಳ 100 ಎಂದಿಟ್ಟುಕೊಳ್ಳಿ. ಬೇರೆ ಕಡೆ ಖಚಿತವಾಗಿ ಸಿಗುವುದೆಷ್ಟು? ನಿಮ್ಮ ಜಾಗಕ್ಕೆ ಹೊಸಬರನ್ನು ಹುಡುಕಿ, ಕಲಿಸಿ, ಅವರ ಕೈ ಪಳಗುವವರೆಗಿನ ನಷ್ಟವನ್ನೂ ಸೇರಿಸಿದರೆ ಮಾಲೀಕರಿಗೆ ಬೀಳುವುದೆಷ್ಟು? ಮೊದಲನೆಯದು 110, ಎರಡನೆಯದು 125 ಆದರೆ ಮಾತು ಇವೆರಡರ ನಡುವೆ ಎಲ್ಲೋ ಕುದುರುತ್ತದೆ. ಹೊರಗೆ ಸಿಗುವುದು 90 ಮಾತ್ರ ಎಂದಾದರೆ ಬಿಟ್ಟುಹೋಗುವ ಬೆದರಿಕೆ ಪೊಳ್ಳು. ಎದುರಿನವರಿಗೂ ಅದು ಗೊತ್ತಿರುತ್ತದೆ. ಹೆಚ್ಚಿನವರು ಎಡವುವುದು ಸಮಯದಲ್ಲಿ. ದೊಡ್ಡ ಕೆಲಸ ಮುಗಿಸಿಕೊಟ್ಟ ಮೇಲೆ ಕೇಳುತ್ತಾರೆ. ಆಗ ಸಿಗುವುದು ಶಹಬ್ಬಾಸ್‌ಗಿರಿ. ಕೆಲಸ ಶುರುವಾಗುವ ಮೊದಲೇ ಕೇಳಿ. ಬೇರೆ ಕಡೆಯ ನೇಮಕ ಪತ್ರ ಕೈಗೆ ಬರುವವರೆಗೆ ರಾಜೀನಾಮೆಯ ಮಾತೆತ್ತಬೇಡಿ.

ಕೆಲಸಕ್ಕೆ ಸೇರಿದ ಜನ ನಿಲ್ಲದೆ ಬಿಟ್ಟುಹೋಗುವುದೂ ಮಾಲೀಕರ ಮೇಲೆ ಒಂದು ಒತ್ತಡವೇ. 1914ರ ಜನವರಿಯಲ್ಲಿ ಅಮೆರಿಕದ ಕಾರು ತಯಾರಕ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದ್ದಕ್ಕೆ ಅದು ದೊಡ್ಡ ಕಾರಣ. ಆತನ ಕಂಪನಿ ಸಂಘವನ್ನು ಮಾನ್ಯ ಮಾಡಿದ್ದು ಬಹಳ ತಡವಾಗಿ, 1941ರಲ್ಲಿ. (ಆ 5 ಡಾಲರಿನಲ್ಲಿ ಅರ್ಧದಷ್ಟು ಲಾಭದ ಪಾಲು, ಮನೆ-ನಡತೆ ವಿಚಾರಿಸಿ ಕೊಡುತ್ತಿದ್ದುದು.)

ಪ್ರಶ್ನೆ: ಸಂಘ ಕಟ್ಟಿ ವರ್ಷವಾಯಿತು. ಬೇಡಿಕೆ ಒಪ್ಪದಿದ್ದರೆ ಮುಷ್ಕರ ಎನ್ನುತ್ತಿದ್ದಾರೆ. ಗೆಲ್ಲುತ್ತೇವೆಯೆ?

ಉತ್ತರ: ನಿಮ್ಮ ನಿಧಿ, ಅವರ ಗೋದಾಮು ಎರಡನ್ನೂ ನೋಡಬೇಕು. ಎಲ್ಲರೂ ಸಂಬಳದ ಶೇ. 1ರಂತೆ 12 ತಿಂಗಳು ವಂತಿಗೆ ಕೊಟ್ಟಿದ್ದರೆ ಕೂಡಿರುವುದು ಒಂದು ತಿಂಗಳ ಸಂಬಳದ ಶೇ. 12. ಮುಷ್ಕರದಲ್ಲಿ ಅರ್ಧ ಸಂಬಳ ಹಂಚಿದರೂ 7 ದಿನಕ್ಕೆ ಖಾಲಿ. ಗೋದಾಮಿನಲ್ಲಿ 30 ದಿನಕ್ಕಾಗುವಷ್ಟು ಸರಕಿದ್ದರೆ ಮಾಲೀಕರು ನಿಶ್ಚಿಂತೆಯಿಂದ ಕೂರುತ್ತಾರೆ. ತಮಾಷೆಯೆಂದರೆ, ನೋಟಿಸ್ ಕೊಟ್ಟ ಮೇಲೆ ಓವರ್‌ಟೈಮ್ ಮಾಡಿ ಆ ಗೋದಾಮು ತುಂಬಿಸುವವರೂ ನೀವೇ! ಓವರ್‌ಟೈಮ್ ನಿಲ್ಲಿಸುವುದು ಒಳ್ಳೆಯ ಮೊದಲ ಹೆಜ್ಜೆ. ಆದರೆ ಕೂಡಿ ನಿರಾಕರಿಸುವುದನ್ನೂ ಮುಷ್ಕರವೆಂದೇ ಎಣಿಸುವ ಕಾನೂನುಗಳಿವೆ, ವಕೀಲರನ್ನು ಕೇಳಿಕೊಂಡೇ ಮುಂದುವರಿಯಿರಿ. ಕೆಡುವ ಸರಕು, ದಿನದಿನ ಸಾಗಿಸಲೇಬೇಕಾದ ಬಿಡಿಭಾಗ ಇರುವ ಕಡೆ ಲೆಕ್ಕ ತಿರುಗುಮುರುಗು. ಅಲ್ಲಿ ಮಾಲೀಕರು ಎರಡು ದಿನ ತಾಳುವುದೇ ಹೆಚ್ಚು.

ಪ್ರಶ್ನೆ: ವಂತಿಗೆ ಕೊಡದವರಿಗೂ ಏರಿದ ಸಂಬಳ ಸಿಗುತ್ತದೆ. ಅವರನ್ನು ಸಂಘಕ್ಕೆ ಸೇರಿಸುವುದು ಹೇಗೆ?

ಉತ್ತರ: ಸದಸ್ಯರಿಗಷ್ಟೇ ಸಿಗುವಂಥದ್ದು ಏನಾದರೂ ಇರಲಿ: ವಕೀಲರ ನೆರವು, ಶಿಸ್ತುಕ್ರಮದ ವಿಚಾರಣೆಯಲ್ಲಿ ಜೊತೆಗೆ ಕೂರುವವರು. ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ನಿರುದ್ಯೋಗ ವಿಮೆಯ ನಿಧಿಗಳು ಸಂಘಗಳ ಜೊತೆಜೊತೆಗೇ ಬೆಳೆದವು. ಅಲ್ಲಿ ಸದಸ್ಯರ ಸಂಖ್ಯೆ ಹೆಚ್ಚಿರಲು ಅದೂ ಒಂದು ಕಾರಣ. ಬರೀ ಭಾಷಣ ಮಾಡಿದರೆ ಚಪ್ಪಾಳೆ ಬೀಳುತ್ತದೆ, ವಂತಿಗೆ ಬರುವುದಿಲ್ಲ.